ಕತಾರಿಗೆ ಹೋಗದ ಅಳಿಯ

ನನ್ನ ಗಂಡನನ್ನು ಕತಾರಿಗೆ ಕಳಿಸಿದ್ದು ನನ್ನ ಅಮ್ಮ. ಅದಕ್ಕೆ ಟಿಕೆಟ್ಟು, ವೀಸಾ ಯಾವುದೂ ಬೇಕಾಗಲಿಲ್ಲ. ಡೊಂಬಿವಲಿ ಪೂರ್ವದ ನಮ್ಮ ಭಜನಾ ಮಂಡಳಿಯಲ್ಲಿ ಒಂದು ಶನಿವಾರ ಮಂಗಳಾರತಿ ಮುಗಿದ ಮೇಲೆ ಅವಳು ಮೆಟ್ಟಿಲ ಬಳಿ ಚಪ್ಪಲಿ ಹುಡುಕುತ್ತಿದ್ದಳು. ಆಗ ಯಾರೋ, "ನಿಮ್ಮ ಅಳಿಯ ಈಗ ಕಾಣ್ಲಿಕ್ಕೇ ಇಲ್ವಲ್ಲ?" ಎಂದು ಕೇಳಿದರಂತೆ. "ಅವರಿಗೆ ಕತಾರಿಗೆ ಟ್ರಾನ್ಸ್‌ಫರ್ ಆಯ್ತಲ್ಲ," ಎಂದುಬಿಟ್ಟಳು ಅಮ್ಮ. ಮನೆಗೆ ಬಂದವಳೇ ಸೋಫಾದ ತುದಿಯಲ್ಲಿ ಕುಳಿತು, "ಎಂಥ ಮಾಡುದು ಮಾರಾಯ್ತಿ, ಬಾಯಿಗೆ ಅದೇ ಬಂತು," ಎಂದಳು. ನನಗೆ ನಗುವೂ ಬಂತು, ಸಿಟ್ಟೂ ಬಂತು.

ಆ ಹೊತ್ತಿಗೆ ಅವನು ಇದ್ದದ್ದು ವಾಶಿಯಲ್ಲಿ, ಮದುವೆಯಾದಾಗಿನಿಂದ ನಾವಿಬ್ಬರೂ ಇದ್ದ ಅದೇ ಫ್ಲ್ಯಾಟಿನಲ್ಲಿ. ನಾನು ಒಂದು ಸೂಟ್‌ಕೇಸು ಮತ್ತು ನನ್ನ ಮಿಕ್ಸರ್ ಎತ್ತಿಕೊಂಡು ಅಮ್ಮನ ಮನೆಗೆ ಬಂದು ಆಗಲೇ ಕೆಲವು ತಿಂಗಳಾಗಿತ್ತು. ಹೊಡೆತ ಬಡಿತ ಏನೂ ಇರಲಿಲ್ಲ. ಅವನಿಗೆ ಸಿಟ್ಟು ಬಂದರೆ ಮಾತು ಬಿಡುತ್ತಿದ್ದ, ಅಷ್ಟೇ. ಸಾರಿಗೆ ಉಪ್ಪು ಕಮ್ಮಿಯಾದರೂ ಬಿಡುತ್ತಿದ್ದ, ನಾನು ಆಫೀಸಿನಿಂದ ತಡವಾಗಿ ಬಂದರೂ ಬಿಡುತ್ತಿದ್ದ. ವಾರಗಟ್ಟಲೆ ಆ ಮನೆಯಲ್ಲಿ ಟಿವಿ ಒಂದೇ ಮಾತಾಡುತ್ತಿತ್ತು. ತಪ್ಪು ಯಾವುದೆಂದು ಗೊತ್ತಿಲ್ಲದೆ ಕ್ಷಮೆ ಕೇಳಿ ಕೇಳಿ ನನಗೆ ಸಾಕಾಗಿತ್ತು. ಕೊನೆಗೆ ಇಬ್ಬರೂ ಒಪ್ಪಿ ಕೋರ್ಟಿಗೆ ಹೋದೆವು. ವಿಚ್ಛೇದನದ ಆದೇಶ ಬಂದ ದಿನ ನಾನು ಥಾಣೆ ಸ್ಟೇಷನ್ನಿನ ಹೊರಗೆ ನಿಂತು ಒಂದು ಕಟಿಂಗ್ ಚಹಾ ಕುಡಿದೆ, ಅದು ಮುಗಿದ ಮೇಲೆ ಇನ್ನೊಂದು ಕುಡಿದೆ. ಅಷ್ಟು ಹಗುರವಾಗಿತ್ತು ಮನಸ್ಸು.

ಆಫೀಸಿನವರಿಗೆ, ಕಾಲೇಜಿನ ಗೆಳತಿಯರಿಗೆ ತಿಳಿಸುವುದು ಕಷ್ಟವಾಗಲಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಅದೇ ಚಹಾದ ಗ್ಲಾಸಿನ ಫೋಟೋ ಹಾಕಿ, ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದೆ. ಸಂಜೆಯೊಳಗೆ ಕೆಂಪು ಹೃದಯಗಳ ರಾಶಿ ಬಿತ್ತು. ಗುರುತೇ ಇಲ್ಲದ ಹುಡುಗಿಯೊಬ್ಬಳು ನನ್ನ ಬಗ್ಗೆ ಹೆಮ್ಮೆಯಾಗುತ್ತದೆ ಎಂದು ಬರೆದಿದ್ದಳು. ಒಳ್ಳೆಯದೇ ಆಯಿತು. ಆದರೆ ಅಮ್ಮನ ಲೋಕದ ಒಬ್ಬರೂ ಅಲ್ಲಿರಲಿಲ್ಲ. ಅವಳ ಲೋಕವೆಲ್ಲ ಇದ್ದದ್ದು ನಮ್ಮ ಸಮಾಜದ ವಾಟ್ಸಾಪ್ ಗ್ರೂಪಿನಲ್ಲಿ. ಕಲ್ಯಾಣದಿಂದ ನವಿ ಮುಂಬೈವರೆಗೆ ಹರಡಿರುವ ಉಡುಪಿ ಕಡೆಯ ಜನ, ಹೋಟೆಲಿನವರು, ಕ್ಯಾಟರಿಂಗಿನವರು, ಬ್ಯಾಂಕು ಆಫೀಸಿನವರು, ಅವರ ಸೊಸೆಯಂದಿರು ಮಕ್ಕಳು, ಎಲ್ಲರೂ ಅದರಲ್ಲಿ. ಅಲ್ಲಿ ಮಾತ್ರ ನನ್ನ ಸಂಸಾರ ಸುಖವಾಗಿ ಸಾಗುತ್ತಿತ್ತು.

ಇತ್ತ ಕತಾರಿನ ಕಥೆ ತಾನಾಗಿ ಬೆಳೆಯತೊಡಗಿತು. ಒಬ್ಬರು ತಮ್ಮ ತಂಗಿಯ ಮಗನ ಬಯೋಡೇಟಾ ತಂದುಕೊಟ್ಟು, ಅಳಿಯನಿಗೆ ಕಳಿಸಿ, ಅಲ್ಲಿ ಏನಾದರೂ ಕೆಲಸ ನೋಡಲಿ ಎಂದರು. ಇನ್ನೊಬ್ಬರು ಅಲ್ಲಿಯ ಸೆಕೆ ಹೇಗೆ ಎಂದು ಕೇಳಿದರು. ಅಮ್ಮ, "ಆಫೀಸಲ್ಲಿ ಎಲ್ಲ ಎಸಿ ಅಲ್ವಾ," ಎಂದು ಸಲೀಸಾಗಿ ಹೇಳಿ ಬಂದಳು. ಒಂದು ಸಲವಂತೂ, ಅಳಿಯ ರಜೆಗೆ ಬಂದರೆ ಖರ್ಜೂರ ತರಲಿ ಎಂದು ಭಜನೆಯ ಹೆಂಗಸರು ಪಟ್ಟು ಹಿಡಿದರು. ಅದು ರಂಜಾನಿನ ಸಮಯ. ನಾನು ಆಫೀಸಿನಿಂದ ಬರುವಾಗ ಮುಂಬ್ರಾದಲ್ಲಿ ಇಳಿದು, ಬಜಾರಿನಲ್ಲಿ ಒಳ್ಳೆಯ ಖರ್ಜೂರ ಆರಿಸಿ ತಂದೆ. ಅಮ್ಮ ಅದನ್ನು ಸ್ಟೀಲಿನ ಡಬ್ಬಿಗೆ ತುಂಬಿ, ಅಳಿಯ ಯಾರದೋ ಕೈಯಲ್ಲಿ ಕಳಿಸಿದ್ದು ಎಂದು ಶನಿವಾರ ಎಲ್ಲರಿಗೂ ಹಂಚಿದಳು. "ಇಲ್ಲಿಯ ಹಣ್ಣಿಗೂ ಅಲ್ಲಿಯ ಹಣ್ಣಿಗೂ ಎಷ್ಟು ವ್ಯತ್ಯಾಸ ನೋಡಿ," ಎಂದು ಹೊಗಳಿ ತಿಂದರಂತೆ ಎಲ್ಲರೂ. ಅದನ್ನು ನನಗೆ ಹೇಳುವಾಗ ಅಮ್ಮ ನಗಲಿಲ್ಲ.

ಅದರ ಮುಂದಿನ ಶನಿವಾರದಿಂದ ಅವಳು ಭಜನೆಗೆ ಹೋಗುವುದನ್ನೇ ನಿಲ್ಲಿಸಿದಳು. ಕೇಳಿದವರಿಗೆ ಮೊಣಕಾಲು ನೋವು ಎಂದಳು. ಲಿಫ್ಟಿಲ್ಲದ ನಮ್ಮ ಕಟ್ಟಡದ ಮೂರು ಮಹಡಿಯನ್ನು ತರಕಾರಿ ಚೀಲ ಹಿಡಿದು ದಿನಕ್ಕೆ ಎರಡು ಸಲ ಹತ್ತುವವಳಿಗೆ ಯಾವ ಮೊಣಕಾಲು ನೋವು? ಅಪ್ಪ ತೀರಿಕೊಂಡ ಮೇಲೆ ಅವಳನ್ನು ಎಬ್ಬಿಸಿ ಕೂರಿಸಿದ್ದೇ ಆ ಭಜನೆ. ಅಲ್ಲಿ ಮೊದಲ ಹಾಡು ಎತ್ತುವವಳು ಅವಳೇ, ತಾಳ ಹಿಡಿಯುವವಳೂ ಅವಳೇ. ಸೋಮವಾರದಿಂದಲೇ ಅಡುಗೆಮನೆಯಲ್ಲಿ ಶನಿವಾರದ ಹಾಡು ಶುರುವಾಗುತ್ತಿತ್ತು. ಈಗ ಅಡುಗೆಮನೆಯಲ್ಲಿ ಕುಕ್ಕರಿನ ಸೀಟಿ ಮಾತ್ರ. ಮಾತಿಲ್ಲದ ಮನೆಯಿಂದ ತಪ್ಪಿಸಿಕೊಂಡು ಬಂದ ನಾನು ಇನ್ನೊಂದು ಅಂಥದೇ ಮನೆ ಮಾಡುತ್ತಿದ್ದೇನೆ ಅನ್ನಿಸಿ ಹೆದರಿಕೆಯಾಯಿತು.

ಅಷ್ಟರಲ್ಲಿ ಮದುವೆಯ ವಾರ್ಷಿಕೋತ್ಸವ ಹತ್ತಿರ ಬಂತು. ನಮ್ಮ ಗ್ರೂಪಿನ ಅಡ್ಮಿನ್ ನಿವೃತ್ತ ಬ್ಯಾಂಕ್ ಅಧಿಕಾರಿ. ಹುಟ್ಟುಹಬ್ಬ, ಮದುವೆಯ ದಿನ ಯಾವುದನ್ನೂ ಅವರು ಮರೆಯುವವರಲ್ಲ. ಬೆಳಿಗ್ಗೆ ಹಾಲಿನವನಿಗಿಂತ ಮೊದಲು ಅವರ ಶುಭಾಶಯ ಬರುತ್ತದೆ: ಹಳದಿ ಚೌಕಟ್ಟು, ಮೂಲೆಗಳಲ್ಲಿ ಮಲ್ಲಿಗೆ, ನಡುವೆ ಗಂಡ ಹೆಂಡತಿಯ ಫೋಟೋ. ಹಿಂದಿನ ವರ್ಷ ನಮ್ಮ ಜೋಡಿ ಫೋಟೋ ಬಂದಾಗ ನೂರು ಕಾಲ ಬಾಳಿ ಎಂದು ಹರಸಿದ್ದೇ ಹರಸಿದ್ದು. ನಾನು ಕಂಬಳಿಯೊಳಗೆ ಮುಖ ಮುಚ್ಚಿ ಮಲಗಿದ್ದೆ. ಅಮ್ಮ ನನ್ನ ಫೋನು ತೆಗೆದುಕೊಂಡು, ನನ್ನ ಹೆಸರಿನಲ್ಲಿ ಎಲ್ಲರಿಗೂ ಧನ್ಯವಾದ ಹೇಳಿದ್ದಳು. ಇನ್ನೊಮ್ಮೆ ಅದನ್ನು ನೋಡಲು ನನ್ನಿಂದಾಗದು. ಈ ಸಲ ಆ ಹಳದಿ ಚೌಕಟ್ಟು ಬರುವ ಮೊದಲೇ ನಾನು ಹೇಳಿಬಿಡಬೇಕು ಎಂದು ತೀರ್ಮಾನಿಸಿದೆ.

ಗ್ರೂಪಿನ ನಿಯಮ ಎರಡು. ಕನ್ನಡ ಅಥವಾ ತುಳುವಿನಲ್ಲೇ ಬರೆಯಬೇಕು, ಅದೂ ಕನ್ನಡ ಅಕ್ಷರದಲ್ಲಿ. ಯಾವ ಸುದ್ದಿಗೂ ಫೋಟೋ ಜೊತೆಗಿರಬೇಕು, ಯಾರ ಮನೆಯವರು ಎಂದು ಗುರುತು ಸಿಗಲು. ನಾನು ಏಳನೆಯವರೆಗೆ ಕಲಿತದ್ದು ಇಲ್ಲಿಯ ಕನ್ನಡ ಶಾಲೆಯಲ್ಲಿ, ಹಾಗಾಗಿ ಬರೆಯಲು ಬರುತ್ತದೆ. ಶನಿವಾರ ಸಂಜೆ ಥಾಣೆಯಿಂದ ಸ್ಲೋ ಗಾಡಿಯಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು, ಶುರು ಮಾಡಿದೆ. ಬರೆದು ಅಳಿಸಿ, ಅಳಿಸಿ ಬರೆದು, ಮುಂಬ್ರಾದ ಗುಡ್ಡ ದಾಟಿದರೂ ನಮಸ್ಕಾರದ ಮುಂದೆ ಹೋಗಿರಲಿಲ್ಲ. ದಿನಾ ನನ್ನೆದುರು ಕೂತು ಬಟಾಣಿ ಸುಲಿಯುವ ಹೆಂಗಸೊಬ್ಬಳಿದ್ದಾಳೆ, ದಿವಾದವಳು. "ಇತ್ನಾ ಕ್ಯಾ ಸೋಚ್ ರಹೀ ಹೈ?" ಎಂದು, ಅಷ್ಟೇನು ಯೋಚನೆ ಅಂತ, ಕೇಳಿದಳು. ನನ್ನ ಡೈವೋರ್ಸಿನ ಸುದ್ದಿ ಬರೆಯುತ್ತಿದ್ದೇನೆ ಎಂದೆ. "ಹೋ ಗಯಾ ನಾ? ಫಿರ್ ಲಿಖ್ ದೇ, ಹೋ ಗಯಾ," ಎಂದಳು. ಆಗಿದೆ ತಾನೆ, ಹಾಗಾದರೆ ಆಯಿತು ಅಂತ ಬರೆ, ಅಷ್ಟೇ. ಬಟಾಣಿ ಡಬ್ಬಿಯ ಮುಚ್ಚಳ ಹಾಕಿ ದಿವಾದಲ್ಲಿ ಇಳಿದು ಹೋದಳು. ಡೊಂಬಿವಲಿ ಬರುವಷ್ಟರಲ್ಲಿ ನಾಲ್ಕು ಸಾಲು ಆಗಿತ್ತು.

ಅಮ್ಮನಿಗೆ ಹೇಳದೆ ಹಾಕುವಂತಿರಲಿಲ್ಲ. ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಫೋನನ್ನು ಅವಳ ಮುಂದಿಟ್ಟೆ. ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಕನ್ನಡಕ ತಂದು ಹಾಕಿಕೊಂಡು, ಎರಡು ಸಲ ಓದಿ, "ಇದೆಂಥದು, 'ದುರದೃಷ್ಟವಶಾತ್' ಅಂತ? ನಿನಗೆ ನಿಜವಾಗಿ ಬೇಸರ ಉಂಟಾ?" ಎಂದು ಕೇಳಿದಳು.

"ಇಲ್ಲ," ಎಂದೆ.

"ಮತ್ತೆ ತೆಗಿ ಅದನ್ನು."

ತೆಗೆದೆ. ಕೊನೆಯಲ್ಲಿ, ದಯವಿಟ್ಟು ನನ್ನ ಅಮ್ಮನನ್ನು ಏನೂ ಕೇಳಬೇಡಿ ಎಂದು ಬರೆದಿದ್ದೆ. ಅದನ್ನೂ ತೆಗೆಸಿದಳು. "ನನ್ನನ್ನು ಯಾಕೆ ಎಳೀತಿ ಇದಕ್ಕೆ?" ಎಂದಳು. ಕನ್ನಡಕ ತೆಗೆದಿಟ್ಟು, "ಕತಾರಿನ ವಿಷಯ ಎಂಥದೂ ಬರೀಬೇಡ. ಅದು ನಾನು ಮಾಡಿದ್ದು," ಎಂದು ಸೇರಿಸಿದಳು. ಹೀಗೆ ಉಳಿದದ್ದು ಇಷ್ಟೇ: ನಾನು ಮತ್ತು ನನ್ನ ಪತಿ ಪರಸ್ಪರ ಒಪ್ಪಿಗೆಯಿಂದ ಬೇರೆಯಾಗಿದ್ದೇವೆ, ವಿಚ್ಛೇದನ ಕಾನೂನು ಪ್ರಕಾರ ಮುಗಿದಿದೆ, ನಾನು ಕ್ಷೇಮವಾಗಿ ಅಮ್ಮನ ಜೊತೆ ಇದ್ದೇನೆ, ಇನ್ನು ವಾರ್ಷಿಕೋತ್ಸವದ ಶುಭಾಶಯ ಹಾಕಬೇಡಿ.

ಫೋಟೋ ಬೇಕಲ್ಲ. ನಗುವ ಫೋಟೋ ಹಾಕಿದರೆ ಸೊಕ್ಕು ಅನ್ನುತ್ತಾರೆ ಎಂದು ಅಮ್ಮನಿಗೆ ಚಿಂತೆ. ಕೊನೆಗೆ ಆಫೀಸಿನ ಐಡಿ ಕಾರ್ಡಿಗೆ ತೆಗೆಸಿದ್ದ ಫೋಟೋ ಆರಿಸಿದೆವು. ಹಿಂದೆ ತಿಳಿನೀಲಿ ಪರದೆ, ಬಿಗಿದ ತುಟಿ, ನೇರ ನೋಟ. ಕಳಿಸಿದೆ. ಅಮ್ಮ ತಕ್ಷಣ ತನ್ನ ಫೋನು ಸ್ವಿಚ್ ಆಫ್ ಮಾಡಿ ದೇವರ ಕೋಣೆಯ ಮಣೆಯ ಮೇಲೆ ಇಟ್ಟಳು. ನಾನು ನನ್ನದನ್ನು ಸೈಲೆಂಟ್ ಮಾಡಿ ದಿಂಬಿನಡಿ ತುರುಕಿದೆ. ಬಟ್ಟೆ ಒಗೆಯಲು ಹಾಕಿದೆವು, ಫ್ರಿಜ್ ಒರೆಸಿದೆವು. ಅಡುಗೆ ಮಾಡುವ ಮನಸ್ಸು ಮಾತ್ರ ಯಾರಿಗೂ ಇರಲಿಲ್ಲ.

ಊಟದ ಹೊತ್ತಿಗೆ ತಡೆಯಲಾಗದೆ ದಿಂಬಿನಡಿಯಿಂದ ಫೋನು ತೆಗೆದು ನೋಡಿದೆ. ಗ್ರೂಪಿನ ತುಂಬ ಕೈಮುಗಿದ ಚಿತ್ರಗಳು. ಮೇಲಿನಿಂದ ಕೆಳಗಿನವರೆಗೆ ಓಂ ಶಾಂತಿ, ಓಂ ಶಾಂತಿ, ಓಂ ಶಾಂತಿ. ಆತ್ಮಕ್ಕೆ ಸದ್ಗತಿ ಸಿಗಲಿ ಎಂದು ಒಬ್ಬರು. ಇಷ್ಟು ಚಿಕ್ಕ ವಯಸ್ಸಿಗೆ ಹೀಗಾಗಬಾರದಿತ್ತು ಎಂದು ಇನ್ನೊಬ್ಬರು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಹಾಸಿಗೆಯ ಮೇಲೆ ಕುಕ್ಕರಿಸಿ ಕುಳಿತೆ.

ನಮ್ಮ ಗ್ರೂಪಿನಲ್ಲಿ ಅರ್ಧದಷ್ಟು ಜನ ಇಲ್ಲಿಯೇ ಹುಟ್ಟಿದವರು. ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಉಳಿದರ್ಧ ಓದಬಲ್ಲರು, ಓದುವುದಿಲ್ಲ. ಹಳದಿ ಚೌಕಟ್ಟಿನೊಳಗೆ ಫೋಟೋ ಬಂದರೆ ಶುಭಾಶಯ. ಚೌಕಟ್ಟಿಲ್ಲದೆ ಒಬ್ಬರದೇ ಫೋಟೋ, ಕೆಳಗೆ ಉದ್ದ ಕನ್ನಡ ಬಂದರೆ ಅದು ಸಾವು ಎಂದೇ ಎಲ್ಲರಿಗೂ ಅಭ್ಯಾಸವಾಗಿದೆ. ಓಂ ಶಾಂತಿ ಹಾಕುವುದರಲ್ಲಿ ಸದಾ ಮೊದಲಿಗರಾದ ಕಲ್ಯಾಣದ ಒಬ್ಬ ಮಹಾನುಭಾವರಿದ್ದಾರೆ. ಅವರು ಹಾಕಿದ ಮೇಲೆ ಮಿಕ್ಕವರಿಗೆ ಅನುಮಾನವೇ ಇರಲಿಲ್ಲ. ನನ್ನ ವಿಚ್ಛೇದನದ ಸುದ್ದಿ ಹಾಕುವಾಗ ನಾನು ಯಾವ್ಯಾವುದಕ್ಕೋ ಗಟ್ಟಿಯಾಗಿದ್ದೆ, ನನ್ನ ಸದ್ಗತಿಗೆ ತಯಾರಿರಲಿಲ್ಲ.

ಅಮ್ಮನಿಗೆ ಹೇಗೆ ಹೇಳುವುದೆಂದು ನೋಡುತ್ತಿರುವಾಗಲೇ ಬಾಗಿಲ ಗಂಟೆ ಹೊಡೆಯಿತು. ತೆರೆದೆ. ಘಣಸೋಲಿಯ ಚಿಕ್ಕಪ್ಪ ನಿಂತಿದ್ದರು. ಅಪ್ಪನ ಚಿಕ್ಕಪ್ಪನ ಮಗ ಅವರು. ಘಣಸೋಲಿಯಲ್ಲಿ ಅವರದೊಂದು ಸಸ್ಯಾಹಾರಿ ಹೋಟೆಲು ಇದೆ. ಬಿಳಿ ಅಂಗಿ, ಒಂದು ಕೈಯಲ್ಲಿ ದೊಡ್ಡ ಟಿಫಿನ್ ಕ್ಯಾರಿಯರ್, ಇನ್ನೊಂದರಲ್ಲಿ ಮುಚ್ಚಳ ಕಟ್ಟಿದ ಸಾರಿನ ಪಾತ್ರೆ. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದರು. ನನ್ನ ಮುಖ ನೋಡಿದವರೇ ಪಾತ್ರೆಯನ್ನು ಅಲ್ಲೇ ನೆಲಕ್ಕಿಟ್ಟು ಗೋಡೆ ಹಿಡಿದುಕೊಂಡರು.

ನಮ್ಮಲ್ಲಿ ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಹೋಟೆಲಿನವರೇ ಹೆಚ್ಚಿರುವ ಇಲ್ಲಿ, ಸಂಬಂಧಿಕರ ಹೋಟೆಲಿನ ಅಡುಗೆಮನೆಯಿಂದ ಅನ್ನ, ಒಗ್ಗರಣೆಯಿಲ್ಲದ ಸಪ್ಪೆ ಸಾರು ಬರುತ್ತದೆ. ಅಪ್ಪ ಹೋದ ದಿನವೂ ಇದೇ ಚಿಕ್ಕಪ್ಪ, ಇದೇ ಕ್ಯಾರಿಯರ್ ಹಿಡಿದು ಬಂದಿದ್ದರು. ಹಾಗಾಗಿ ಅವರು ಯಾತಕ್ಕೆ ಬಂದಿದ್ದಾರೆಂದು ನನಗೆ ಕೇಳಬೇಕಾಗಲಿಲ್ಲ.

"ಚಿಕ್ಕಪ್ಪ, ನಾನು ಇದ್ದೇನೆ," ಎಂದೆ.

"ಇದ್ದೀಯಲ್ಲ ಮಗಾ," ಎಂದು ಅವರು ನನ್ನ ತಲೆ, ಭುಜ ಎಲ್ಲ ಮುಟ್ಟಿ ನೋಡಿದರು. "ನಮ್ಮ ಸೊಸೆ ನಿನ್ನ ಫೋಟೋ ತೋರಿಸಿದ್ಳು. ಅವಳಿಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ, ನನ್ನ ಕನ್ನಡಕ ರಿಪೇರಿಯಲ್ಲಿ ಉಂಟು. ಎಲ್ಲ ಓಂ ಶಾಂತಿ ಹಾಕಿದ್ದಾರೆ ಅಂದ್ಳು. ಅತ್ತಿಗೆಗೆ ಫೋನ್ ಮಾಡಿದ್ರೆ ಸ್ವಿಚ್ ಆಫ್. ನಿನಗೆ ಮಾಡಿದ್ರೆ ಎತ್ತುವವರಿಲ್ಲ. ಶಿಳ್‌ಫಾಟಾದ ಟ್ರಾಫಿಕ್ಕಲ್ಲಿ ಕೂತು ಕೂತು ನನ್ನ ಪ್ರಾಣ ಹೋಯ್ತು." ಅವರ ಕಣ್ಣಿಂದ ನೀರು ಇಳಿಯುತ್ತಿತ್ತು. ಒಳಗೆ ಬಂದು ಸೋಫಾದ ಮೇಲೆ ಕೂತವರು, ಥಟ್ಟನೆ ಏನೋ ಹೊಳೆದು ಮತ್ತೆ ಎದ್ದು ನಿಂತರು. "ಹಾಗಾದ್ರೆ ಹೋದದ್ದು ಯಾರು? ಅತ್ತಿಗೆ ಎಲ್ಲಿ?"

ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನಾನು ಬಾಯಿ ತೆರೆದೆ, ಅವಳು ಕೈ ಎತ್ತಿ ನನ್ನನ್ನು ತಡೆದಳು.

"ಯಾರೂ ಹೋಗ್ಲಿಲ್ಲ," ಎಂದಳು. ಸೀರೆಯ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. "ಇವಳಿಗೆ ಡೈವೋರ್ಸ್ ಆಯ್ತು. ಅದನ್ನೇ ಗ್ರೂಪಿಗೆ ಹಾಕಿದ್ದು. ಅಳಿಯ ಕತಾರಲ್ಲಿ ಇಲ್ಲ, ಯಾವತ್ತೂ ಹೋಗ್ಲೇ ಇಲ್ಲ. ಅಲ್ಲೇ ವಾಶಿಯಲ್ಲಿದ್ದಾರೆ, ನಿಮ್ಮ ಹೋಟೆಲಿಂದ ನಾಲ್ಕು ಸ್ಟೇಷನ್ ಆಚೆ. ಎರಡು ವರ್ಷದಿಂದ ನಾನು ಎಲ್ಲರಿಗೂ ಸುಳ್ಳು ಹೇಳಿದೆ. ನಿಮಗೂ ಹೇಳಿದೆ."

ಚಿಕ್ಕಪ್ಪ ಅಮ್ಮನನ್ನು ನೋಡಿದರು. ನನ್ನನ್ನು ನೋಡಿದರು. ನೆಲದ ಮೇಲಿದ್ದ ಸಾರಿನ ಪಾತ್ರೆಯನ್ನು ನೋಡಿದರು. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, "ಇಷ್ಟೇಯಾ?" ಎಂದರು.

ಅಮ್ಮ ತಲೆಯಾಡಿಸಿದಳು.

"ಅಯ್ಯೋ ದೇವರೇ, ಇಷ್ಟೇಯಾ ಅತ್ತಿಗೆ!" ಎಂದು ಈ ಸಲ ಜೋರಾಗಿ ಹೇಳಿ, ನಗತೊಡಗಿದರು. ಅಳುವೂ ನಿಂತಿರಲಿಲ್ಲ. ನನಗೂ ನಗು ಬಂತು, ಅದು ಎಲ್ಲಿ ಅಳುವಾಯಿತೋ ನನಗೇ ತಿಳಿಯಲಿಲ್ಲ. ಎರಡು ವರ್ಷದಿಂದ ನಾವು ಹೊತ್ತು ತಿರುಗಿದ್ದನ್ನು ಯಾರಾದರೂ ಹೀಗೆ ಹಿಡಿದು ನೋಡಿ, ಇಷ್ಟೇಯಾ ಎಂದು ಕೇಳಲಿ ಎಂದು ನಾನು ಎಷ್ಟು ಆಸೆಪಟ್ಟಿದ್ದೆ ಎಂಬುದು ಆಗಲೇ ಗೊತ್ತಾದದ್ದು. ಅಮ್ಮ ಮಾತ್ರ ಬಾಗಿಲಲ್ಲೇ ನಿಂತಿದ್ದಳು. "ನಿಮಗೆ ಬೇಸರ ಆಗ್ಲಿಲ್ವಾ?" ಎಂದು ಕೇಳಿದಳು.

"ಬೇಸರ ಮತ್ತೆ ಮಾಡ್ತೇನೆ. ಈಗ ಹಸಿವಾಗ್ತದೆ," ಎಂದರು ಚಿಕ್ಕಪ್ಪ. ಮರುಕ್ಷಣವೇ ನಾಲಿಗೆ ಕಚ್ಚಿಕೊಂಡರು. ಸಾವಿನ ಮನೆಗೆಂದು ಮಾಡಿಸಿ ತಂದ ಊಟವನ್ನು ಬದುಕಿರುವವಳ ಮನೆಯಲ್ಲಿ ಬಡಿಸುವುದು ಹೇಗೆ? ಅಪಶಕುನ ಅಲ್ಲವೇ? ವಾಪಸು ಒಯ್ಯುತ್ತೇನೆ, ದಾರಿಯಲ್ಲಿ ಯಾವುದಾದರೂ ಹೋಟೆಲಿನಿಂದ ಪಾರ್ಸೆಲ್ ತರುತ್ತೇನೆ ಎಂದು ಕ್ಯಾರಿಯರ್ ಎತ್ತಿಕೊಂಡರು.

ಅಮ್ಮ ಬಂದು ಸಾರಿನ ಪಾತ್ರೆಯನ್ನು ನೆಲದಿಂದ ಎತ್ತಿದಳು. ಮುಚ್ಚಳದ ದಾರ ಬಿಚ್ಚಿ ಮೂಸಿ ನೋಡಿದಳು. "ಒಳ್ಳೆ ಸಾರು, ಒಂದು ಒಗ್ಗರಣೆ ಇಲ್ಲ ಅಷ್ಟೇ," ಎಂದು ಒಳಗೆ ಹೋಗಿ ಗ್ಯಾಸ್ ಹೊತ್ತಿಸಿದಳು. ತೆಂಗಿನೆಣ್ಣೆ ಕಾಯುವ ಪರಿಮಳ ಬಂತು. ಸಾಸಿವೆ ಸಿಡಿಯಿತು, ಒಣಮೆಣಸು ಬಿತ್ತು, ಇಂಗು, ಕರಿಬೇವು ಬಿದ್ದವು. ಸಾರಿಗೆ ಒಗ್ಗರಣೆ ಸುರಿದ ಸದ್ದು ಹೊರಗಿನ ಕೋಣೆಯವರೆಗೆ ಕೇಳಿತು. ಚಿಕ್ಕಪ್ಪ ಕ್ಯಾರಿಯರ್ ಕೆಳಗಿಟ್ಟು ಕೈ ತೊಳೆಯಲು ಎದ್ದರು.

ಮೂವರೂ ನೆಲದ ಮೇಲೆ ಕುಳಿತು ಉಂಡೆವು. ನಡುವೆ ಚಿಕ್ಕಪ್ಪನ ಫೋನು ಒಂದೇ ಸಮನೆ ಕುಯ್ಯೆನ್ನುತ್ತಿತ್ತು. ಅಷ್ಟರಲ್ಲಿ ಯಾರೋ ಪೂರ್ತಿ ಓದಿ ವಿಷಯ ಹೇಳಿರಬೇಕು. ಕೆಲವರು ಓಂ ಶಾಂತಿಯನ್ನು ಅಳಿಸಿದ್ದರು, ಕೆಲವರು ಅಳಿಸಲು ಬಾರದೆ ಅದರ ಕೆಳಗೆ ಹೂಗುಚ್ಛ ಇಟ್ಟಿದ್ದರು. ನಿಜವಾಗಿ ಏನಾಗಿದೆ ಎಂದು ಇನ್ನೂ ಕೆಲವರು ಇಂಗ್ಲಿಷಿನಲ್ಲಿ, ಮರಾಠಿಯಲ್ಲಿ ಕೇಳುತ್ತಿದ್ದರು. ಅಡ್ಮಿನ್ ಗಾಬರಿಯಿಂದ ನಿಯಮಗಳನ್ನು ಮತ್ತೊಮ್ಮೆ ಹಾಕಿದ್ದರು. ನಾನು ಇನ್ನೊಂದು ವಿವರಣೆ ಬರೆಯುತ್ತೇನೆ ಎಂದೆ.

"ಬರೆದದ್ದನ್ನು ಯಾರು ಓದ್ತಾರೆ ಮಗಾ?" ಎಂದರು ಚಿಕ್ಕಪ್ಪ. "ಮಾತಾಡಿ ಕಳಿಸು. ಕೇಳ್ಲಿಕ್ಕೆ ಎಲ್ಲರಿಗೂ ಬರ್ತದೆ."

ನಾನು ಫೋನು ಕೈಗೆತ್ತಿಕೊಂಡೆ. ಅಮ್ಮ ಎಂಜಲು ಕೈಯನ್ನು ತಟ್ಟೆಯ ಮೇಲೆ ಹಾಗೇ ಹಿಡಿದು, ಎಡಗೈ ಚಾಚಿದಳು. "ಇಲ್ಲಿ ಕೊಡು. ಎಲ್ಲಿ ಒತ್ತುದು?" ಎಂದಳು. ಮೈಕಿನ ಗುರುತು ತೋರಿಸಿದೆ. ಅದರ ಮೇಲೆ ಹೆಬ್ಬೆರಳಿಟ್ಟು, ಗಂಟಲು ಸರಿಮಾಡಿಕೊಂಡಳು. ಭಜನೆಯಲ್ಲಿ ಮೊದಲ ಹಾಡು ಎತ್ತುವ ಮುನ್ನ ಅವಳು ಹೀಗೆಯೇ ಮಾಡುವುದು.

"ನಾನು ಮಾತಾಡುದು, ಅವಳ ಅಮ್ಮ. ಯಾರೂ ತೀರಿಕೊಳ್ಳಲಿಲ್ಲ. ಮಗಳಿಗೆ ಡೈವೋರ್ಸ್ ಆಗಿದೆ, ಅವಳು ಚೆನ್ನಾಗಿದ್ದಾಳೆ, ಈಗ ನನ್ನೆದುರು ಊಟ ಮಾಡ್ತಾ ಇದ್ದಾಳೆ. ಅಳಿಯ ಕತಾರಿಗೆ ಹೋದದ್ದು ನಾನು ಹೇಳಿದ ಸುಳ್ಳು. ನೀವು ತಿಂದ ಖರ್ಜೂರ ಮುಂಬ್ರಾದ್ದು. ತಂಗಿ ಮಗನ ಬಯೋಡೇಟಾ ಕೊಟ್ಟವರು ಬಂದು ತಕೊಂಡು ಹೋಗಿ. ನನ್ನ ಮೊಣಕಾಲಿಗೆ ಎಂಥದೂ ಆಗ್ಲಿಲ್ಲ. ಶನಿವಾರ ಭಜನೆಗೆ ಬರ್ತೇನೆ. ನನ್ನ ತಾಳ ಅಲ್ಲೇ ಕಪಾಟಲ್ಲಿ ಉಂಟು, ಯಾರೂ ತೆಗೀಬೇಡಿ."

ಬೆರಳು ಎತ್ತಿ ನನ್ನ ಕಡೆ ನೋಡಿದಳು. "ಹೋಯ್ತಾ?" ಎಂದಳು.

"ಹೋಯ್ತು," ಎಂದೆ.

ಅಮ್ಮ ಫೋನನ್ನು ಚಾಪೆಯ ಮೇಲಿಟ್ಟು, ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿಕೊಂಡಳು.